ಹಗುರಾದ ತೋಳು

ಬೆರ್ಗೆನ್,
ಅಕ್ಟೋಬರ್ ೧೮, ೧೯೯೮

ಪ್ರೀತಿಯ ಹಾಲ್ವರ್,

ಈ ಸಂಬೋಧನೆ ನೋಡಿ ನಿನ್ನ ಹುಬ್ಬು ಮೇಲೇರುತ್ತದೆಂದು ಬಲ್ಲೆ. ಬೇರೆಯಾದ ಹೆಂಡತಿ ಹೀಗೆ ಬರೆಯಬಾರದೆಂದು ಯಾರೂ ಕಟ್ಟಳೆ ಮಾಡಿಲ್ಲವಲ್ಲ. ನೀನು ಟ್ರುಮ್ಸೊಗೆ ಹೊರಟುಹೋದ ಮೇಲೂ ನಾನು ನಿನ್ನ ಅಪ್ಪನ ಮನೆಯ ಮಹಡಿಯಲ್ಲೇ ಉಳಿದೆ. ಹಾಗಾಗಿ ಇದನ್ನು ತಿಳಿಸಬೇಕಾದವಳು ನಾನೇ.

ಮಾವನ ಕಿವಿ ಹೋಗುತ್ತಿದೆ. ಎಡಗಿವಿ ಆಗಲೇ ಕಲ್ಲು. ಬಲಗಿವಿಯೂ ಚಳಿಗಾಲ ದಾಟುವುದು ಅನುಮಾನವೆಂದು ಡಾಕ್ಟರು ಹೇಳಿದ ಮೇಲೆ ನನ್ನನ್ನು ಕೆಳಗೆ ಕರೆದು, ಕಪಾಟಿನಿಂದ ಒಂದು ಗ್ರಾಮಫೋನ್ ತಟ್ಟೆ ತೆಗೆದು ತೋರಿಸಿದರು. ನೀನೂ ನಿನ್ನ ಅಣ್ಣ ಯೊಸ್ಟೈನನೂ ಚಿಕ್ಕವರಿದ್ದಾಗ ರೇಡಿಯೊ ಅಂಗಡಿಯಲ್ಲಿ ಮೈಕಿನ ಮುಂದೆ ನಿಲ್ಲಿಸಿ, ಹಾಡಿಸಿ ಕೊರೆಸಿದ್ದಂತೆ. ಲೋಹದ ಮೇಲೆ ಮೆತ್ತನೆಯ ಕಪ್ಪು ಲೇಪ, ಅಷ್ಟೆ. ನುಡಿಸಿದಷ್ಟು ಸಲವೂ ಮುಳ್ಳು ಅದನ್ನು ಒಂದಿಷ್ಟು ಹೆರೆಯುತ್ತದೆ. ದೋಣಿ ಮಗುಚಿ ಯೊಸ್ಟೈನ್ ಹೋದ ವರ್ಷದಿಂದ ಅವರು ಅದನ್ನು ಮುಟ್ಟಿಲ್ಲ. ಉಳಿದಿರುವ ಧ್ವನಿಯೂ ಸವೆದೀತೆಂಬ ಭಯ.

“ಮುಳ್ಳು ಹಿಡ್ಕೊಂಡಿರೋ ಈ ಹಳೇ ತೋಳು ನೇಗಿಲಿದ್ದಂಗೆ, ತಟ್ಟೆನ ಉತ್ತುಬಿಡುತ್ತೆ. ಹಗುರದ್ದು ಹಾಕೋಣ. ಕಿವಿ ಮುಚ್ಚೋದ್ರೊಳಗೆ ನನ್ನ ಮಗನ್ನ ಒಂದ್ಸಲ ಕೇಳ್ಬೇಕು” ಎಂದರು.

‘ನನ್ನ ಮಗ’ನಂತೆ. ಒಬ್ಬನೇ ಮಗನಿದ್ದ ಹಾಗೆ. ಯೊಸ್ಟೈನನನ್ನು ಮಣ್ಣು ಮಾಡಿದ ದಿನ, ದೋಣಿಯ ಚುಕ್ಕಾಣಿ ನಿನ್ನ ಕೈಯಲ್ಲಿತ್ತೆಂದು ಎಲ್ಲರೆದುರು ಅಂದವರಲ್ಲವೇ ಅವರು. ಆದರೂ ನಾನು ಹೊಸ ತೋಳು ತರಿಸಿದೆ.

ಪ್ಲೇಯರಿನ ಮರದ ಪೆಟ್ಟಿಗೆ ಅವರೇ ಮಾಡಿದ್ದು. ಹೊಸ ತೋಳು ಉದ್ದ, ಹಳೆಯ ತೂತಿಗೆ ಕೂರುವುದಿಲ್ಲ. ಬೇರೆ ತೂತು ಕೊರೆಯಬೇಕು. ಕೂದಲೆಳೆಯಷ್ಟು ಸರಿದರೂ ಮುಳ್ಳು ಓರೆಯಾಗಿ ತಟ್ಟೆಯನ್ನು ಕೆರೆಯುತ್ತದೆ. ಅವರ ಕೈ ನಡುಗುತ್ತದೆ. ಡ್ರಿಲ್ ನನ್ನ ಪಾಲಿಗೆ ಬಂತು.

“ಕೈ ಸಡಿಲ ಬಿಡೇ, ಮೀನು ಸೀಳ್ತಾ ಇದೀಯೇನು?” ಎಂದು ಹಿಂದಿನಿಂದ ಗದರಿದರು.

“ನೀವು ಹೀಗೆ ಬೆನ್ನಿಗಂಟಿ ನಿಂತ್ರೆ ಮೀನೂ ಸೀಳಕ್ಕಾಗಲ್ಲ ಮಾವ. ಹೋಗಿ ಕಾಫಿ ಮಾಡಿ” ಎಂದೆ. ಹೋಗಲಿಲ್ಲ.

ತೋಳು ಕೂತಿತು. ಹಿಂಬದಿಯ ಭಾರವನ್ನು ತಿರುಗಿಸುತ್ತ ಹೋದಂತೆ ಅದು ಗಾಳಿಯಲ್ಲಿ ಗರಿಯಂತೆ ತೇಲಿ ನಿಂತಿತು. ಆಮೇಲೆ ಮುಳ್ಳಿಗೆ ಬೇಕಾದಷ್ಟೇ ಭಾರ ಕೊಟ್ಟೆವು. ಯಾವುದೋ ಕುಣಿತದ ತಟ್ಟೆ ಹಾಕಿ ನೋಡಿದೆವು, ಜೇನಿನಂತೆ ನುಡಿಯಿತು. ನಂತರ ಆ ತಟ್ಟೆ.

ಮಾವ ಕಣ್ಣು ಮುಚ್ಚಿ, ಬಲಗಿವಿಯನ್ನು ಸ್ಪೀಕರಿಗೆ ಒತ್ತಿ ಕೂತರು. ಮುಳ್ಳು ಇಳಿಸಿದೆ. ಕರಕರ ಸದ್ದು. ಯೊಸ್ಟೈನ್, ನೀನು ಮೊದಲು ಹಾಡು ಎಂದು ತಟ್ಟೆಯೊಳಗಿಂದ ಯಾರೋ ಹೇಳಿದರು. ಒಂದು ಪುಟ್ಟ ಕೆಮ್ಮು. ಅಷ್ಟರಲ್ಲಿ ಮುಳ್ಳು ಎಗರಿತು.

ತಟ್ಟನೆ ತೋಳೆತ್ತಿದೆ. ಮೊದಲ ಹಾಡಿದ್ದ ಹೊರಗಿನ ಸುತ್ತುಗಳಲ್ಲಿ ಲೇಪ ಒಣಗಿದ ಕೆಸರಿನಂತೆ ಬಿರಿದು ಏಳುತ್ತಿತ್ತು. ತೋಳಿನ ತಪ್ಪಲ್ಲ ಹಾಲ್ವರ್. ಕಪಾಟಿನೊಳಗೆ ಜೋಪಾನವಾಗಿದ್ದುಕೊಂಡೇ ಅದು ಸಾಯುತ್ತಿತ್ತು. ಯೊಸ್ಟೈನನ ಹಾಡು ಇನ್ನಿಲ್ಲ.

“ಯಾಕೆ ನಿಲ್ಸಿದೆ?” ಎಂದರು, ಕಣ್ಣು ತೆರೆಯದೆ.

ಅವರ ಕಿವಿಯ ಹತ್ತಿರ ಬಾಗಿ, ಧೂಳು ಎಂದೆ. ಒಳಗಿನ ಸುತ್ತುಗಳಲ್ಲಿ ಲೇಪ ಇನ್ನೂ ಗಟ್ಟಿಯಾಗಿತ್ತು. ಅಲ್ಲಿ ಮುಳ್ಳು ಇಳಿಸಿದೆ.

ಒಬ್ಬ ಹುಡುಗ ಹಾಡಿದ. ಎರಡನೆಯ ಸಾಲಿನಲ್ಲಿ ಶ್ರುತಿ ತಪ್ಪಿತು. ನಕ್ಕು, ಮತ್ತೆ ಹಿಡಿದ. ಆ ನಗುವಿನ ಜೊತೆ ನಾನು ಸಂಸಾರ ಮಾಡಿದ್ದೇನೆ, ನನಗೆ ಗೊತ್ತಾಗದೇ?

“ಯೊಸ್ಟೈನ್ ತಾನೆ?” ಎಂದರು ಮಾವ, ಕಣ್ಣು ಬಿಟ್ಟು.

ಹೌದೆಂದು ತಲೆಯಾಡಿಸಿದೆ. ಅವರ ಕೆನ್ನೆ ಒದ್ದೆಯಾಗಿತ್ತು. ಇನ್ನೊಮ್ಮೆ ಹಾಕೆಂದರು. ಹಾಕಿದೆ.

ನಿನ್ನ ಧ್ವನಿಯನ್ನು ನಿನ್ನ ಅಣ್ಣನ ಹೆಸರಿನಲ್ಲಿ ಕೊಟ್ಟುಬಿಟ್ಟೆ. ಆ ಮುಖ ಎದುರಿಗಿದ್ದಾಗ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ. ಅವರಿಗೆ ಮಾತ್ರ ಏನೂ ಬರೆಯಬೇಡ.

ನಿನ್ನವಳಾಗಿದ್ದ,
ತೋರುನ್

ಮರೆಯುವ ಮುನ್ನ: ಅಂಚೆಚೀಟಿ ಕೇಳಲು ಕೆಳಗೆ ಹೋಗಿದ್ದೆ. ಯಾರಿಗೆ ಕಾಗದ ಅಂತ ಅವರು ಕೇಳಲೇ ಇಲ್ಲ. “ನಿನ್ನೆ ಹಾಡಿದ್ದು ನನ್ನ ಚಿಕ್ಕ ಮಗನೇ ಅಂತ ನಂಗೊತ್ತು ಕಣೇ. ಕಿವಿ ಮಂದ ಆದ್ರೆ ಅಪ್ಪ ಅಲ್ದೆ ಹೋಗ್ತೀನಾ? ಅವನ ಹೆಸರು ಹೇಳೋಕೆ ನಾಚ್ಕೆ ಆಯ್ತು” ಎಂದರು. ಚೀಟಿಯನ್ನು ತಾವೇ ಅಂಟಿಸಿದರು. “ಬರ್ಲಿ ಅವನು. ಹಾಡಿದ್ದು ಕೇಳಾಯ್ತು. ಈಗ ಅವನು ನನ್ನ ಬೈಯೋದು ಬಾಕಿ ಇದೆ, ಅದೂ ಕೇಳ್ಬೇಕು.”