ಬಿಚ್ಚದ ಛತ್ರಿ

ನಯೀಮ್,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಹಿರೇಕೊಟ್ನೆಕಲ್ಲಿನ ಹೊಲದಲ್ಲಿ ನಾವಿಬ್ಬರೂ ಸೇರಿ ತರಿಸಿದ್ದ ಎರಡು ಆಳೆತ್ತರದ ರಾಕೆಟ್‌ಗಳಲ್ಲಿ ಒಂದನ್ನು ಬಿಟ್ಟೆ. ಅದನ್ನು ನಿಧಾನವಾಗಿ ಕೆಳಗಿಳಿಸುವ ಪ್ಲಾಸ್ಟಿಕ್ ಛತ್ರಿಗೆ ಅಂಟದಂತೆ ಹೊಲದಲ್ಲೇ ಪೌಡರ್ ಸವರಿ, ಹಾರಿಸುವ ಮುಂಚೆ ಮಡಚಬೇಕೆಂಬುದು ನಿನ್ನ ಹಟ. ಅದಕ್ಕೆಂದೇ ನೀನು ನಿನ್ನ ಅಕ್ಕ ಗುಲ್ನಾಜ್ ಆಪಾಳ ಪೌಡರ್ ಡಬ್ಬಿ ಕದ್ದು ತರುತ್ತಿದ್ದೆ. ಆ ಹಟಕ್ಕೇ ಎಲ್ಲರೆದುರು ನಿನ್ನನ್ನು ಪುಕ್ಕಲ ಎಂದೆನಲ್ಲ, ಆಮೇಲೆ ನೀನು ಬರಲಿಲ್ಲ. ನಾನು ಪೌಡರ್ ಸವರದೆ ಛತ್ರಿಯನ್ನು ನಿನ್ನೆಯೇ ಮಡಚಿ ತುಂಬಿಟ್ಟಿದ್ದೆ. ಬಿಸಿಲಲ್ಲಿ ಬೈಕಿನ ಮೇಲೆ ಒಯ್ಯುವಷ್ಟರಲ್ಲಿ ಪ್ಲಾಸ್ಟಿಕ್ ಅಂಟಿಕೊಂಡಿತ್ತು.

ರಾಕೆಟ್ ಏರಿ ಕಣ್ಮರೆಯಾಯಿತು. ಛತ್ರಿ ಕಾಣಲಿಲ್ಲ, ಸದ್ದೂ ಇಲ್ಲ. ಆಮೇಲೆ ನೆಲ ಗುದ್ದಿದಂತಾಯಿತು.

ಹತ್ತಿ ಬಿಡಿಸುವ ಆದೆಮ್ಮ ಒರಗಿ ಕೂತಿದ್ದ ಗಂಟನ್ನು ಸೀಳಿ, ಅದು ನೆಲದಲ್ಲಿ ಮೊಳದುದ್ದ ಹೂತಿತ್ತು. ಆಕೆ ನೀರು ಕುಡಿಯಲು ಆಗಷ್ಟೇ ಎದ್ದಿದ್ದಳು.

“ಹಿಂಗ ಬೀಳಬೇಕಿತ್ತೇನಪ್ಪಾ ಇದು?”

“ಹೌದವ್ವಾ” ಎಂದೆ.

ನಕ್ಕಳು. “ಭಾಳ ಚಂದ ಹೋತು. ಬರೋ ಐತಾರ ಮತ್ತ ಬಿಡು. ಮೊಮ್ಮಗಳನ್ನ ಕರಕೊಂಡು ಬರ್ತೀನಿ.”

ಬಾ ಎಂದೆ, ನಯೀಮ್.

ಎರಡನೆಯ ರಾಕೆಟ್ ಮೇಜಿನ ಮೇಲಿದೆ. ಅದರ ಛತ್ರಿ ಮಡಚುತ್ತೇನೆ, ಬಿಚ್ಚುತ್ತೇನೆ, ಮತ್ತೆ ಮಡಚುತ್ತೇನೆ. ಸರಿಯಾಗಿಲ್ಲ ಎನ್ನುವವರು ಇಲ್ಲಿ ಯಾರೂ ಇಲ್ಲ.