ಪಂಢರಿ ಇಳಿದು ಹೇಳುವವರೆಗೆ

ಜೂನ್ 2, ಬೆಳಿಗ್ಗೆ

ಏಳರ ಮೀಟರ್ ರೀಡಿಂಗ್ ಬರೆದೆ. ಎಂಟರದೂ. ಚಿದ್ರಿಯ ಮನೆಯಿಂದ ಭಾಲ್ಕಿ ಕಡೆಯ ಈ ಸಬ್‌ಸ್ಟೇಷನ್ನಿಗೆ ಓಡಾಡಿ ಆರು ವರ್ಷ. ಮಾತು ಕಡಿಮೆ ಎಂದು ಎಲ್ಲರೂ ದೂರ. ಲೈನ್‌ಮನ್ ಪಂಢರಿ ಒಬ್ಬನೇ ಬಂದು ಕೂರುತ್ತಾನೆ. ಮೆಹಕರದವ, ಕುರಿ ಸಾಕುವ ಮನೆ.

"ಜೇಮ್ಸಣ್ಣಾ, ಚರ್ಚಿನಾಗರ ಹಾಡ್ತೀರೋ, ಅಲ್ಲೀನೂ ಹಿಂಗೇ ಕೂಡ್ತೀರೋ?" ಎಂದ.

ನಕ್ಕೆ. ಕ್ವಾಯರಿನಲ್ಲಿ ಹಾಡುತ್ತೇನೆ ಎಂದು ಹೇಳಲಿಲ್ಲ. ನಾಳೆ ಹೇಳೋಣ.

ಜೂನ್ 3

ಪಂಢರಿ ಸತ್ತ.

ಜೂನ್ 4, ಮಧ್ಯಾಹ್ನ

ಕ್ರಮವಾಗಿ ಬರೆಯಬೇಕು. ನಿನ್ನೆ 11.10ಕ್ಕೆ ಪಂಢರಿ ಫೋನ್ ಮಾಡಿ ಮೂರನೇ ಫೀಡರಿಗೆ, ಅಂದರೆ ಮೂರನೇ ಲೈನಿಗೆ, ಎಲ್‌ಸಿ ತೆಗೆದುಕೊಂಡ. ಎಲ್‌ಸಿ ಎಂದರೇನು? ಕರೆಂಟ್ ತೆಗೆದಿದ್ದೇನೆ, ನೀನು ಇಳಿದು ಹೇಳುವವರೆಗೆ ಹಾಕುವುದಿಲ್ಲ ಎಂಬ ಮಾತು. ನಾನು ಕೊಟ್ಟ ಮಾತು.

ಅರ್ಧ ಗಂಟೆಯಲ್ಲಿ ಫೋನ್ ಮೇಲೆ ಫೋನ್. ಹಿಟ್ಟಿನ ಗಿರಣಿಯವರು, ಮದುವೆ ಮನೆಯವರು, ಕೊನೆಗೆ ಆಫೀಸರ್— "ಇನ್ನಾ ಎಷ್ಟೊತ್ರಿ?" ಪಂಢರಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಕಿಟಕಿಯಾಚೆ ಅವನದಂಥದೇ ಬೈಕ್ ಹೋಯಿತು. ಇಳಿದಿದ್ದಾನೆ ಅಂದುಕೊಂಡೆ. ಬ್ರೇಕರ್ ಹಾಕಿ ಕರೆಂಟ್ ಬಿಟ್ಟೆ. 11.52.

ಅವನು ಕಂಬದ ಮೇಲೇ ಇದ್ದ.

ಜೂನ್ 9

ಆಫೀಸರ್ ಕರೆದರು. ರಿಜಿಸ್ಟರಿನ ಆ ದಿನದ ಪುಟ ಬದಲಾಗಿದೆ. ಎಲ್‌ಸಿಯ ಸುದ್ದಿಯೇ ಇಲ್ಲ, ಲೋಡ್ ಶೆಡ್ಡಿಂಗ್ ಎಂದಿದೆ.

"ಅಂವ ಕೇಳದೇ ಏರ್ಯಾನ. ಸತ್ತಾಂವಗ ಸಸ್ಪೆಂಡ್ ಇಲ್ಲ, ಜೇಮ್ಸ. ನಿಮಗದ."

ಸಹಿ ಮಾಡಿದೆ. ಸಂಬಳದ ಪಟ್ಟಿಗೆ ಮಾಡುವಷ್ಟೇ ಸಲೀಸಾಗಿ. ಅದೇ ಈಗ ಹೆದರಿಸುತ್ತಿದೆ.

ಜೂನ್ 30, ಔರಾದ

ಇಲ್ಲಿಗೆ ವರ್ಗ. ಡ್ಯೂಟಿ ಮುಗಿದರೆ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತೇನೆ, ತಿರುಗಿ ಬರುತ್ತೇನೆ, ಮತ್ತೆ ಹೋಗುತ್ತೇನೆ. ಕೂರಲಾಗುವುದಿಲ್ಲ. ಎಲ್‌ಸಿ ಕೊಟ್ಟರೆ ನಾಲ್ಕು ನಾಲ್ಕು ಸಲ ಫೋನ್ ಮಾಡಿ ಕೇಳುತ್ತೇನೆ— ಇಳಿದೆಯಾ? ಲೈನ್‌ಮನ್‌ಗಳು ರೇಗುತ್ತಾರೆ.

ಅವರಲ್ಲೊಬ್ಬ, ಅಜರ, ಇವತ್ತು ಕೇಳಿದ: "ಸರ್, ಮೆಹಕರದ ಪಂಢರಿ ಕುಡದು ಏರಿದ್ನಂತ. ಖರೇ ಏನ್ರಿ?"

ಚಹಾ ಬಿಟ್ಟರೆ ಏನೂ ಕುಡಿಯದವನು. "ಗೊತ್ತಿಲ್ಲ" ಎಂದೆ.

ಗೊತ್ತಿಲ್ಲವಂತೆ...

ಜುಲೈ 14, ಭಾನುವಾರ

ರಜೆಗೆ ಚಿದ್ರಿಗೆ ಬಂದಿದ್ದೆ. ಚರ್ಚಿಗೆಂದು ಹೊರಟವನು ಭಾಲ್ಕಿ ಬಸ್ ಹತ್ತಿದೆ. ಅಲ್ಲಿಂದ ಮೆಹಕರ.

ಪಂಢರಿಯ ಅಪ್ಪ ವೈಜಿನಾಥ ದೊಡ್ಡಿಯ ಮುಂದೆ ಕುರಿಯ ಗೊರಸು ಕತ್ತರಿಸುತ್ತಿದ್ದ. ಪಂಢರಿಯ ಹೆಂಡತಿ ಜನಾಬಾಯಿ ಚೊಂಬಿನಲ್ಲಿ ನೀರು ಕೊಟ್ಟಳು.

"ನೀವೇ ಜೇಮ್ಸಣ್ಣ ಏನ್ರಿ? ನಮ್ಮನಿಯಾಗ ನಿಮ್ಮ ಮಾತೇ ಮಾತು" ಎಂದಳು.

ಬಾಯಿ ತೆರೆಯುವ ಮೊದಲೇ ಮುದುಕ ಶುರು ಮಾಡಿದ. "ಆವತ್ತು ಮುಂಜಾನಿ ನಾ ಅವನ ಸಂಗಾಟ ಜಗಳಾಡ್ದೆರಿ. ಕುರಿ ಮಾರ್ರಿ ಅಂದ, ನಾ ಒಲ್ಲೆ ಅಂದೆ. ಉಣ್ಣದೇ ಹೋದ. ತಲಿ ನೆಟ್ಟಗಿರಲಿಲ್ಲ, ಅದಕ್ಕೇ ಕೇಳದೇ ಏರ್ಯಾನ. ಮಗನ್ನ ನಾನೇ ಕೊಂದೆರಿ."

ನಲವತ್ತೊಂದು ದಿನ. ನನ್ನದನ್ನು ಈ ಮುದುಕ ಹೊತ್ತಿದ್ದಾನೆ.

"ಇಲ್ರಿ. ಅಂವ ಕೇಳೇ ಏರಿದ್ದ. ಇಳಿಯೂದ್ರ ಒಳಗ ಕರೆಂಟ್ ಹಾಕಿದಾಂವ ನಾನು. ಆಮ್ಯಾಲ ಸುಳ್ಳಿಗೆ ಸಹಿನೂ ಮಾಡ್ದೆ."

ಕುರಿಯ ಕಾಲು ಅವನ ಕೈಯಲ್ಲೇ ಇತ್ತು. ಬಿಟ್ಟ. ಜನಾಬಾಯಿ ನನ್ನ ಮುಂದಿದ್ದ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ದನಿ ಗಟ್ಟಿಯಿತ್ತು.

"ಇಲ್ಲಿ ಹೇಳಿದ್ರ ನಮಗಷ್ಟೇ ಕೇಳಸ್ತದ. ಆಫೀಸಿನವರು ಸುಳ್ಳು ಬರದಾರ. ನೀವು ಖರೇ ಬರೀರಿ."

ಜುಲೈ 15

ಪೊಲೀಸರಿಗೆ ಎಲ್ಲ ಬರೆದುಕೊಡುತ್ತೇನೆ ಎಂದು ಜ್ಞಾನಮ್ಮ ಅಕ್ಕನಿಗೆ ಹೇಳಿದೆ. "ನೌಕರಿ ಹೋಗ್ತದ. ಜೇಲಿಗೆ ಹೋಗ್ತಿ" ಎಂದಳು.

"ಹೌದಕ್ಕ."

ಸಂಜೆ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

ಜುಲೈ 18, ಭಾಲ್ಕಿ, ಮಧ್ಯಾಹ್ನ 12

ಪೊಲೀಸ್ ಠಾಣೆಯ ಬೆಂಚು. ನಾಲ್ಕು ಪುಟ ಕೊಟ್ಟೆ. ಸಾಹೇಬರು ಎರಡು ಸಲ ಓದಿದರು. "ಮ್ಯಾಲಿನವ್ರ ಹೆಸರೂ ಬರದೀರಲ್ರಿ?"

"ಬರದೇನ್ರಿ."

"ಹೊರಗ ಕೂಡ್ರಿ. ಹೇಳಿಕಿ ತಗೋಬೇಕು."

ಸುದ್ದಿ ಕಳಿಸಿದ್ದೆ; ಬೆಂಚಿನ ಆ ತುದಿಯಲ್ಲಿ ವೈಜಿನಾಥ, ಜನಾಬಾಯಿ. ಒಂದು ಗಂಟೆ ಕಳೆಯಿತು. ಆಮೇಲೆ ಮುದುಕ, ಎದುರಿನ ಗೋಡೆ ನೋಡುತ್ತ: "ನಿಮಗ ಮಾಫಿ ಕೊಡಂಗಿಲ್ರಿ ನಾ."

"ಕೊಡಬ್ಯಾಡ್ರಿ."

"ಆದ್ರ ಅಂವ ಹೋದ ಮ್ಯಾಲ ನಿನ್ನಿ ಮೊದಲ್ನೇ ಸಲ ಹೊಟ್ಟಿತುಂಬ ಉಂಡೆ."

ಈಗ ಜನಾಬಾಯಿ ಹತ್ತಿರ ಸರಿದು ಕೇಳಿದಳು. "ಕಡೀ ಫೋನಿನಾಗ ಏನಂದನ್ರಿ ಅಂವ? ಅಷ್ಟು ಹೇಳ್ರಿ."

ಪುಟದಲ್ಲಿ ಅದನ್ನು ಬರೆದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"'ಏರ್ತೇನಿ ಅಣ್ಣಾ, ಜರಾ ನೋಡ್ಕೋರಿ' ಅಂದ."

ಅವಳ ತುಟಿ ಅಲ್ಲಾಡಿತು— ಜರಾ ನೋಡ್ಕೋರಿ. ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ನನ್ನ ಹೆಸರು ಕೂಗುತ್ತಿದ್ದಾರೆ. ಎದ್ದು ಹೋಗಬೇಕು.