ನೀರ ಮೇಲೆ ಬರುವ ಮನೆ

ಫೆಬ್ರವರಿ 15, ಶನಿವಾರ, ರಾತ್ರಿ

ಕಣ್ಣು ಮುಚ್ಚಿದರೆ ಮತ್ತೆ ಆ ಮನೆಯೇ ಕಣ್ಮುಂದೆ. ನನ್ನ ಗಂಡ ರೆಮಿಹಿಯೊಗೆ ಅವನ ಸೋದರತ್ತೆ ಬಿಟ್ಟುಹೋದ ಮರದ ಮನೆ. ಕಿಟಕಿಯ ಪರದೆ ಸಮೇತ ತೇಲುತ್ತಾ ಎದುರು ದ್ವೀಪದಿಂದ ನಮ್ಮ ದಂಡೆಗೆ ಬರುತ್ತಿದೆ. ಒಳಗೆ ಒಲೆ ಉರಿಯುತ್ತಲೇ ಇದೆ. ಐವತ್ತನೇ ವಯಸ್ಸಿಗೆ ಮೀನಿನ ಕಾರ್ಖಾನೆಯ ಕೆಲಸ ಬಿಟ್ಟು ಆ ಒಲೆ ಮುಂದೆ ಕೂರಬೇಕೆಂದು ವರ್ಷಗಟ್ಟಲೆ ಭಾನುವಾರವೂ ದುಡಿದು ಕೂಡಿಟ್ಟಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಮನೆ ಸಾಗಿಸುವ ಖರ್ಚಿಗೆ ಅವನು ಸೊನ್ನೆ ಹಾಕಿದ್ದಾನೆ. ನಿಜ, ನಮ್ಮ ಚಿಲೋಯೆ ದ್ವೀಪಗಳಲ್ಲಿ ಇಡೀ ಮರದ ಮನೆಯನ್ನೇ ಹಗ್ಗ ಕಟ್ಟಿ ನೆಲದ ಮೇಲೆ, ನೀರ ಮೇಲೆ ಎಳೆದು ಬೇರೆ ಜಾಗಕ್ಕೆ ಸಾಗಿಸಲು ಯಾರೂ ಕೂಲಿ ಕೇಳುವುದಿಲ್ಲ. ಊರಿಗೆ ಊರೇ ಎತ್ತು, ದೋಣಿ, ಹಗ್ಗ ತಂದು ನಿಲ್ಲುತ್ತದೆ.

ಇವತ್ತು ಬೇಲಿಯಾಚೆಯ ಹೆರ್ಮಿನಿಯಾ ಅಜ್ಜಿಗೆ ಖುಷಿಯಿಂದ ಇದನ್ನೇ ಹೇಳಿದೆ. ಆಲೂಗಡ್ಡೆ ಸುಲಿಯುತ್ತಲೇ ಕೇಳಿದಳು, "ಅಲ್ಲವ್ವಾ, ನೀವಿಬ್ರೂ ಯಾರ ಮನೆ ಎಳೆಯೋಕೆ ಬಂದಿದ್ರಿ?"

ಯಾರ ಮನೆಗೂ ಹೋಗಿಲ್ಲ, ಎಲ್ಲ ಭಾನುವಾರವೂ ಕಾರ್ಖಾನೆಯಲ್ಲೇ ಕಳೆದಿದ್ದೇವೆ.

ನಾಳೆ ನಮ್ಮೂರಿನ ಬಾರಿಯಾ ಅವರ ಮನೆ ಎಳೆಯುತ್ತಾರೆ. ನಾಳೆ ಒಂದು ದಿನ ಕೆಲಸ ಬಿಟ್ಟು ಅಲ್ಲಿಗೆ ಹೋಗ್ತೀನಿ ಅಂತ ರೆಮಿಹಿಯೊಗೆ ಹೇಳಿದೆ.

"ಭಾನುವಾರ ಡಬಲ್ ಸಂಬಳ ಕಣೇ! ಹಿಂಗೇ ಬಿಡ್ತಾ ಹೋದ್ರೆ ಅರವತ್ತಾದ್ರೂ ಮೀನು ಕೊಯ್ತಾನೇ ಇರ್ತೀಯ," ಎಂದು ಸಿಡುಕಿ ಗೋಡೆ ಕಡೆ ತಿರುಗಿ ಮಲಗಿದ.

ಕಣ್ಮುಂದಿನ ಮನೆ ಇನ್ನೂ ನಡುನೀರಲ್ಲೇ ಇದೆ. ಪರದೆ ಹಾರುತ್ತಿದೆ, ಹಗ್ಗ ಸಡಿಲವಾಗಿ ತೇಲುತ್ತಿದೆ, ಎಳೆಯುವವರಿಲ್ಲ. ದೀಪ ಆರಿಸಲು ಕೈ ಚಾಚಿದ್ದೆ, ಗೋಡೆ ಕಡೆಯಿಂದ ದನಿ ಬಂತು.

"ಹಗ್ಗ ಎಳೆಯೋಕೆ ಕೈಗವಸು ಹಾಕ್ಕೊಳ್ತಾರಾ, ಬರಿಗೈನಾ?"